ಐಸ್ ಪೆಟ್ಟಿಗೆ

ಬಂಗಾರಪೇಟೆಯ ಬೆಳಗಿನ ಗಾಡಿಯಲ್ಲಿ
ಪಕ್ಕದ ಹೆಂಗಸು ಕೇಳಿದಳು: "ಏನಮ್ಮ ಅದು, ಮೀನಾ?"
ಮಡಿಲ ಪೆಟ್ಟಿಗೆಗೆ ಎರಡೂ ಕೈ ಸುತ್ತಿ
"ಔಷಧಿ" ಅಂದೆ.

ಸುಳ್ಳು.
ನೇರಳೆ ಮುಚ್ಚಳದ ನಾಲ್ಕು ನಳಿಕೆಗಳಲ್ಲಿ ರಕ್ತ,
ಮೂರು ಸುತ್ತು ಪ್ಲಾಸ್ಟಿಕ್ಕಿನೊಳಗೆ ಗುಲ್ಮದ ತುಂಡು,
ಚೀಟಿಯ ಮೇಲೆ ನನ್ನ ಅಕ್ಷರದಲ್ಲಿ ಪಿಳ್ಳಮ್ಮನ ಹೆಸರು.

ಕಾಮಸಮುದ್ರದ ದಾರಿಯಲ್ಲಿ ಅವಳ ದೊಡ್ಡಿ.
ಮೊದಲು ಮಲಗಿದ್ದು ಬೀಜದ ಗಂಡು.
"ತಿನ್ನೋದು ಬಿಟ್ಟ ಹಂದಿ ಅಂದ್ರೆ
ಬೈಯೋದು ಬಿಟ್ಟ ಅತ್ತೆ ಇದ್ದಂಗೆ, ಡಾಕ್ಟ್ರಮ್ಮ.
ಒಳಗೆ ಏನೋ ಐತೆ."
ಥರ್ಮಾಮೀಟರ್ ಒರೆಸಿ ಬೆಳಕಿಗೆ ಹಿಡಿದೆ: ನೂರ ಆರು.
ಕಿವಿಯ ತುದಿ, ಹೊಟ್ಟೆಯ ಅಡಿ, ತೊಡೆಯ ಸಂದು
ಎಳೆ ಬದನೆಯ ಬಣ್ಣಕ್ಕೆ ತಿರುಗಿತ್ತು.

"ಹೋದ ವರ್ಷ ಸೂಜಿ ಹಾಕಿದ್ರಲ್ಲ, ನೀವೇ?"
ಹಾಕಿದ್ದೆ. ಅದು ಬೇರೆ ಜ್ವರದ್ದು.
ಎರಡೂ ಒಂದೇ ವೇಷ ಹಾಕಿಕೊಂಡು ಬರುತ್ತವೆ.
ಒಂದಕ್ಕೆ ಲಸಿಕೆ ಇದೆ.
ಇನ್ನೊಂದಕ್ಕೆ ಸುಣ್ಣ, ಬೇಲಿ, ಮುಚ್ಚಿದ ಬಾಗಿಲು,
ಆಮೇಲೆ ಗುಂಡಿ.
ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ,
ಹತ್ತೊಂಬತ್ತು ವರ್ಷ ಹಂದಿ ನೋಡಿದ ಕಣ್ಣಿಗೂ.

ಕೇಳುತ್ತ ಹೋದೆ.
ಮುಸುರೆ ಎಲ್ಲಿಯದು? ಛತ್ರದ್ದು.
ಕುದಿಸಿದೆಯಾ? ಸೌದೆ ಇದ್ದಾಗ.
ಯಾರು ಬಂದಿದ್ದರು? ಕುಪ್ಪಂ ಕಡೆ ವ್ಯಾಪಾರಿ,
ಕೊಳ್ಳಲಿಲ್ಲ, ಬೆನ್ನು ಒತ್ತಿ ನೋಡಿ ಹೋದ.
ಚಪ್ಪಲಿ ಹಾಕಿಕೊಂಡೇ ಒಳಗೆ ಬಂದನಾ?

ಪಿಳ್ಳಮ್ಮ ನಕ್ಕಳು.
"ಚಪ್ಪಲಿಗೂ ಜ್ವರ ನೋಡ್ತೀರಾ?"
ನಾನು ನಗಲಿಲ್ಲ.
ಅವಳು ಮೊದಲು ನನ್ನ ಬೂಟು ನೋಡಿದಳು, ಆಮೇಲೆ ತನ್ನ ಕಾಲು,
ಆಮೇಲೆ ದೊಡ್ಡಿಯಿಂದ ಅಡುಗೆಮನೆಗೆ,
ಅಡುಗೆಮನೆಯಿಂದ ಅಣ್ಣನ ದೊಡ್ಡಿಗೆ
ತಾನೇ ತುಳಿದು ಮಾಡಿದ ಸಣ್ಣ ದಾರಿ.

ಟೇಕಲ್ ದಾಟಿತು.
ಪೆಟ್ಟಿಗೆಯಿಂದ ತೊಡೆಗೆ ಒಂದು ಹನಿ.
"ನಿನ್ನ ಔಷಧಿ ಕರಗ್ತೈತೆ ನೋಡು,"
ಪಕ್ಕದವಳು ಹಳೆ ಪೇಪರ್ ಚಾಚಿದಳು.
ಹೊರಗಿನ ಬೆವರು, ಒಳಗಿನದಲ್ಲ.
ಆದರೂ ಬೆರಳು ಮೂಸಿದೆ,
ಅಂಟಿನ ಪಟ್ಟಿಯನ್ನು ಮತ್ತೊಮ್ಮೆ ಒತ್ತಿದೆ.
ನಿನ್ನೆ ಬಟ್ಟೆ ಕುದಿಸಿದ್ದೆ,
ಬೂಟು ಎರಡು ಸಲ ಸೋಡಾ ನೀರಲ್ಲಿ ಅದ್ದಿದ್ದೆ.
ಉಗುರು?
ಉಗುರನ್ನೂ ಉಜ್ಜಿದ್ದೆ.

ಫೋನು.
ಹಿಂದೆ ಹಂದಿಗಳ ಗದ್ದಲ, ಒಂದು ಗಾಡಿಯ ಹಾರನ್ನು.
"ಅವನು ಮತ್ತೆ ಬಂದವ್ನೆ ಡಾಕ್ಟ್ರಮ್ಮ.
ಉಳಿದಿರೋ ಇಪ್ಪತ್ತೆರಡೂ ತಗೊಂತಾನಂತೆ,
ಅರ್ಧ ರೇಟು, ಕೈ ಮೇಲೆ ದುಡ್ಡು.
ರಿಪೋರ್ಟ್ ಬಂದ್ಮೇಲೆ ಬಿಡಿಗಾಸೂ ಇಲ್ಲ ಅಂತಾನೆ."

ನನ್ನ ಬಾಯಲ್ಲಿ ಕಾಯಿದೆ ಇತ್ತು.
ಪರಿಹಾರದ ಅರ್ಜಿಯ ನಮೂನೆ ಇತ್ತು.
ಎಷ್ಟು ಸಿಗುತ್ತೆ, ಯಾವಾಗ ಸಿಗುತ್ತೆ
ಅನ್ನುವುದು ಇರಲಿಲ್ಲ.
"ಪಿಳ್ಳಮ್ಮ," ಅಂದೆ. ಮುಂದಿನದು ಹೊರಡಲಿಲ್ಲ.

"ಗೇಟಿಗೆ ಅಡ್ಡ ಮಂಚ ಹಾಕ್ಕೊಂಡು ಕೂತಿವ್ನಿ.
ಅವನ ಗಾಡೀಲಿ ಮಾಲೂರು ಕಡೇವು ಮೂರು ಮರಿ ಅವೆ,
ಕಿವಿ ಬೆಳ್ಳಗವೆ, ಚೆನ್ನಾಗಿ ಕಿರಚ್ತಾ ಅವೆ.
ನನ್ನವನ್ನ ಅವುಗಳ ಪಕ್ಕ ಹೆಂಗೆ ಹತ್ತಿಸ್ಲಿ?
ನೀವು ಬೇಗ ಹೋಗಿ ಬನ್ನಿ."

ಕಿಟಕಿಯಲ್ಲಿ ಇಟ್ಟಿಗೆ ಗೂಡು, ನೀಲಗಿರಿ ತೋಪು.
ಮಾಲೂರಿನಲ್ಲಿ ಆಕೆ ಚೀಲ ಎತ್ತಿಕೊಂಡು ನಿಂತಳು.
"ಯಾರಿಗಮ್ಮ ಔಷಧಿ? ಹತ್ತಿರದೋರಿಗಾ?"
"ಇದೇ ಊರ ಕಡೆಯ ಮೂರು ಮರಿಗಳಿಗೆ,"
ಅಂದುಬಿಟ್ಟೆ.
"ಮಕ್ಕಳಾ ಪಾಪ," ಅನ್ನುತ್ತ ಇಳಿದಳು.

ಹೆಬ್ಬಾಳದ ಪ್ರಯೋಗಾಲಯ ಹತ್ತಕ್ಕೆ ತೆರೆಯುತ್ತದೆ.
ಐಸು ಅರ್ಧ ಉಳಿದಿದೆ.